ಗುರುವಾರದ ಕಿರುಬೆರಳು

ಕರೆಂಟ್ ಮೀಟರ್ ನೋಡುವವನು ತಿಂಗಳಿಗೊಮ್ಮೆ ಬರಬೇಕು, ಅದು ಲೋಕದ ನಿಯಮ. ಇವನು ಗುರುವಾರ ಗುರುವಾರ ಬರುತ್ತಿದ್ದ. ಅದಕ್ಕೆ ಕಾರಣ ಅವನ ಎಡಗಾಲಿನ ಕಿರುಬೆರಳು ಎಂದು ಅವಳು ಎಂಟು ತಿಂಗಳು ನಂಬಿಕೊಂಡಿದ್ದಳು. ನಂಬದೆ ಏನು ಮಾಡುತ್ತಾಳೆ? ಇಡೀ ಬೀದಿಯೇ ಅವನ ಮಾತನ್ನು ಕಣ್ಣು ಮುಚ್ಚಿ ನಂಬುತ್ತಿತ್ತು. "ಮೀಟರ್ ತಪ್ಪಬಹುದು, ಮೀಟರ್ ಸಾಹೇಬ್ರು ತಪ್ಪಲ್ಲ" ಎಂದು ಎದುರು ಮನೆಯ ಅಜ್ಜಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಮೊದಲ ಭೇಟಿಯೇ ಎಡವಟ್ಟಿನದು. ಅವಳು ಬೂಟಿನ ಅಂಗಡಿ ತೆರೆದ ದಿನ ಅದು. ಬೆಳಗಿನಿಂದ ಬಾಗಿಲ ಕಡೆ ನೋಡಿ ನೋಡಿ ಕತ್ತು ನೋಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲ ಮೇಲೆ ಒಂದು ನೆರಳು ಬಿತ್ತು. ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಸಣ್ಣ ಟಾರ್ಚು, ಹೆಗಲಿಗೆ ಚೀಲ, ಕಾಲಲ್ಲಿ ಬಾಯಿ ಬಿಟ್ಟ ಬೂಟು. ಅವಳು ನೋಡಿದ್ದು ಬೂಟನ್ನು ಮಾತ್ರ.

"ಬನ್ನಿ ಬನ್ನಿ, ಕೂತ್ಕೊಳ್ಳಿ."

"ಅಲ್ಲ, ನಾನು..."

"ಮೊದಲು ಕೂತ್ಕೊಳ್ಳಿ. ನಿಂತ ಕಾಲಿನ ಅಳತೆ ಬೇರೆ, ಕೂತ ಕಾಲಿನ ಅಳತೆ ಬೇರೆ. ಎರಡೂ ಬೇಕು ನಂಗೆ."

ಅವನು ಕೂತ. ಅವಳು ಬೂಟು ಬಿಚ್ಚಿಸಿ, ಕಾಗದದ ಮೇಲೆ ಪಾದ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ಟೇಪು ಸುತ್ತಿ, ಅಂಕಿ ಗೀಚಿಕೊಂಡು ಎರಡನೇ ಕಾಲಿಗೆ ಬಂದಾಗಲೇ ಅವನ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಬಿದ್ದದ್ದು.

"ನಾನು ಮೀಟರ್ ನೋಡೋಕೆ ಬಂದಿದ್ದು, ಮೇಡಂ."

ಅವಳ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ಕೆನ್ನೆ ಬಿಸಿಯಾಯಿತು.

"ಮತ್ತೆ ಎರಡೂ ಕಾಲು ಕೊಟ್ರಲ್ಲ?"

"ನೀವು ಕೇಳಿದ್ರಿ."

ಇಬ್ಬರೂ ಒಟ್ಟಿಗೇ ನಕ್ಕರು. ಅವನಿಗೆ ನಗುವಾಗ ಎಡಗಡೆಯ ಹುಬ್ಬು ಮಾತ್ರ ಮೇಲೆ ಹೋಗುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸ್ವಲ್ಪ ಸಿಟ್ಟು ಬಂತು. ಮೊದಲ ಗಿರಾಕಿಯೂ ಅಲ್ಲದವನ ಹುಬ್ಬಿನ ಉಸಾಬರಿ ತನಗೇಕೆ?

"ದಿನಕ್ಕೆ ಎಷ್ಟು ನಡೀತೀರಿ?" ಎಂದು ಕೇಳಿದಳು, ಮಾತು ಬದಲಿಸಲು.

"ಹನ್ನೆರಡು ಕಿಲೋಮೀಟರ್. ಮೆಟ್ಟಿಲು ಬೇರೆ ಲೆಕ್ಕ."

ಅವಳ ಕಣ್ಣು ಅರಳಿತು. ಹಸಿದವನಿಗೆ ಊಟದ ಮನೆ ಕಂಡ ಹಾಗೆ. "ನಾನು ಹೊಲಿದ ಬೂಟು ಹಾಕ್ಕೊಂಡು ನಡೀತೀರಾ? ದುಡ್ಡೇನೂ ಬೇಡ. ಎರಡು ಜೊತೆ ಮಾಡ್ತೀನಿ. ಪ್ರತಿ ಗುರುವಾರ ಬಂದು ಒಂದು ಜೊತೆ ಬಿಟ್ಟು ಇನ್ನೊಂದು ಹಾಕ್ಕೊಂಡು ಹೋಗಿ. ಎಲ್ಲಿ ಒತ್ತುತ್ತೆ ಅಂತ ಹೇಳ್ಬೇಕು, ಅಷ್ಟೇ. ಆದ್ರೆ ನಿಜ ಹೇಳ್ಬೇಕು."

"ನಿಜಾನೇ ಹೇಳ್ತೀನಿ," ಎಂದ ಅವನು. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಅವಳ ಕಥೆ ಇಷ್ಟು. ಆರು ವರ್ಷ ದೊಡ್ಡ ಬೂಟಿನ ಫ್ಯಾಕ್ಟರಿಯಲ್ಲಿ ದುಡಿದಿದ್ದಳು. ಅಲ್ಲಿ ಅವಳ ಕೆಲಸ ಎಡಗಾಲಿನ ಬೂಟಿಗೆ ಹಿಮ್ಮಡಿ ಅಂಟಿಸುವುದು. ಬಲಗಾಲಿನ ಹಿಮ್ಮಡಿ ಅಂಟಿಸುವವಳು ಬೇರೆ, ಅವಳು ಇನ್ನೊಂದು ಸಾಲಿನಲ್ಲಿ ಕೂರುತ್ತಿದ್ದಳು. ಆರು ವರ್ಷದಲ್ಲಿ ಇವಳು ಒಂದೇ ಒಂದು ಪೂರ್ತಿ ಬೂಟು ಮಾಡಿರಲಿಲ್ಲ. ಸೋದರಮಾವ ಹಳೆಯ ಕಾಲದ ಬೂಟುಗಾರ. ಅವನ ಕೈ ನಡುಗಲು ಶುರುವಾದಾಗ ತನ್ನ ಹನ್ನೆರಡು ಜೊತೆ ಅಚ್ಚುಗಳನ್ನು ಸೊಸೆಗೆ ಕೊಟ್ಟ. ಅಚ್ಚು ಎಂದರೆ ಮರದಲ್ಲಿ ಕಡೆದ ಪಾದ, ಅದರ ಮೇಲೆ ಚರ್ಮ ಎಳೆದು ಬೂಟು ಹೊಲಿಯುವುದು. "ಅಚ್ಚು ಸರಿ ಇದ್ರೆ ಬೂಟು ತಾನಾಗೇ ಸರಿ ಇರುತ್ತೆ ಕಣಮ್ಮ. ಆತುರ ಒಂದು ಬೇಡ," ಎಂದಿದ್ದ.

ಆತುರ ಅವಳು ಪಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು, ಬೋರ್ಡು ಒರೆಸಿ, ಗಿರಾಕಿ ಬಂದರೂ ಸರಿ, ಬರದಿದ್ದರೂ ಸರಿ, ದಿನಕ್ಕೆ ಎರಡು ಗಂಟೆ ಹೊಲಿಗೆ ಅಭ್ಯಾಸ ಮಾಡುತ್ತಿದ್ದಳು. ನೊಣ ಹೊಡೆಯುವ ದಿನಗಳೇ ಹೆಚ್ಚು. ಅಮ್ಮ ಫೋನ್ ಮಾಡಿ, "ಫ್ಯಾಕ್ಟರಿಯ ಸೂಪರ್‌ವೈಸರ್ ಇನ್ನೂ ನಿನ್ನ ಜಾಗಕ್ಕೆ ಯಾರನ್ನೂ ಹಾಕಿಲ್ಲವಂತೆ. ವರ್ಷದ ಕೊನೆವರೆಗೂ ಕಾಯ್ತಾರಂತೆ," ಎಂದು ತಿಂಗಳಿಗೆರಡು ಸಲ ನೆನಪಿಸುತ್ತಿದ್ದಳು. ಅಂದರೆ ವರ್ಷದ ಕೊನೆಯೊಳಗೆ ಅಂಗಡಿ ಕಾಲೂರಬೇಕು. ಇಲ್ಲವಾದರೆ ಮತ್ತೆ ಅದೇ ಸಾಲು, ಅದೇ ಎಡಗಾಲಿನ ಹಿಮ್ಮಡಿ.

ಈ ನೊಣ ಹೊಡೆಯುವ ದಿನಗಳ ನಡುವೆ ಗುರುವಾರ ಬರುತ್ತಿತ್ತು.

ಅವನು ಬಂದು ಬೆಂಚಿನ ಮೇಲೆ ಕೂರುವನು. ಅವಳು ಎದುರಿಗೆ ಸಣ್ಣ ಮಣೆ ಎಳೆದುಕೊಂಡು ಕೂತು ಬೂಟಿನ ಮೇಲೆ ಹೆಬ್ಬೆರಳು ಊರಿ ಊರಿ ಕೇಳುವಳು.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಕಿರುಬೆರಳ ಹತ್ರ?"

ಅವನು ಗೋಡೆಯ ಮೀಟರ್ ಕಡೆ ನೋಡುವನು. ಮೀಟರ್‌ನಲ್ಲಿ ಅಂಥ ವಿಶೇಷ ಏನೂ ಇರುತ್ತಿರಲಿಲ್ಲ, ಒಂದು ಬಲ್ಬು ಒಂದು ಫ್ಯಾನಿನ ಅಂಗಡಿ ಅದು. ಆದರೂ ನೋಡುವನು. ಆಮೇಲೆ ತೀರಾ ಮೆಲ್ಲಗೆ, "ಸ್ವಲ್ಪ ಒತ್ತುತ್ತೆ," ಎನ್ನುವನು.

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ... ಇನ್ನೊಂದು ವಾರ ನೋಡೋಣ ಅನ್ನೋಷ್ಟು."

ಅವಳು ಕಾಗದದಷ್ಟು ತೆಳುವಾದ ಚರ್ಮದ ಚೂರನ್ನು ಅಚ್ಚಿನ ಕಿರುಬೆರಳ ಜಾಗಕ್ಕೆ ಅಂಟಿಸಿ, ಆ ಬೂಟನ್ನು ಮತ್ತೆ ಅಚ್ಚಿಗೆ ಏರಿಸಿ ಹಿಗ್ಗಲು ಬಿಡುವಳು. ಅವನೊಬ್ಬನ ಅಳತೆಯ ಅಚ್ಚಿಗೆ ಮಾತ್ರ ಅಂಟಿಸಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಅವಳ ತರ್ಕ ಬೇರೆ ಇತ್ತು. ಊರಲ್ಲಿ ಇವನಷ್ಟು ನಡೆಯುವವರು ಯಾರಿದ್ದಾರೆ? ನಡೆದು ನಡೆದು ಕಾಲಿನ ಮರ್ಮ ತಿಳಿದವನು ಅಲ್ಲಿ ಒತ್ತುತ್ತೆ ಎಂದರೆ ಎಲ್ಲರಿಗೂ ಅಲ್ಲೇ ಒತ್ತಬೇಕು. ಹೀಗೆಂದುಕೊಂಡು ಹನ್ನೆರಡು ಎಡಗಾಲಿನ ಅಚ್ಚುಗಳಿಗೂ ಅದೇ ಜಾಗದಲ್ಲಿ ಒಂದೊಂದು ಚೂರು ಅಂಟಿಸುತ್ತಿದ್ದಳು.

ಕೆಲಸ ಐದು ನಿಮಿಷದ್ದು. ಅವನು ಇರುತ್ತಿದ್ದುದು ಅರ್ಧ ಗಂಟೆ.

"ನಿಮ್ಮ ಕಸುಬು ಕಷ್ಟದ್ದು," ಎಂದ ಒಮ್ಮೆ. "ಬಂದೋರಿಗೆಲ್ಲ ಕಾಲು ಹಿಡೀಬೇಕು."

"ಕಾಲು ಹಿಡಿಯೋದೇನೂ ಕಷ್ಟ ಇಲ್ಲ. ಹಿಡಿಯೋಕೆ ಕಾಲು ಸಿಗಬೇಕಲ್ಲ. ಈ ವಾರ ಬಂದಿದ್ದು ಮೂರೇ ಜನ. ಒಬ್ಬರು ದಾರಿ ಕೇಳೋಕೆ."

"ಇನ್ನಿಬ್ಬರು?"

"ಒಬ್ಬರು ನೀವು."

ಅವನ ಹುಬ್ಬು ಮೇಲೆ ಹೋಯಿತು. ಅವಳು ಬಗ್ಗಿ ಇಲ್ಲದ ಮೊಳೆಯೊಂದನ್ನು ನೆಲದಲ್ಲಿ ಹುಡುಕಿದಳು.

ಗುರುವಾರ ಬೆಳಿಗ್ಗೆ ತಾನು ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ ಎನ್ನುವುದು ಅವಳಿಗೆ ಗೊತ್ತಿತ್ತು. ಯಾಕೆ ಎನ್ನುವುದು ಗೊತ್ತಿರಲಿಲ್ಲ, ಅಥವಾ ಗೊತ್ತು ಮಾಡಿಕೊಳ್ಳುವ ಧೈರ್ಯ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಬೂಟೋ, ಬೂಟಿನವಳೋ? ಬೂಟೇ ಇರಬೇಕು. ಪುಕ್ಕಟೆ ಬೂಟು ಯಾರಿಗೆ ಬೇಡ? ಹೀಗೆ ತನಗೆ ತಾನೇ ಹೇಳಿಕೊಂಡು, ಅರ್ಧ ಗಂಟೆಯ ನಂತರ ಅದನ್ನೇ ಮತ್ತೆ ಕೇಳಿಕೊಳ್ಳುತ್ತಿದ್ದಳು.

ಗೊಂದಲ ಇದೊಂದೇ ಆಗಿರಲಿಲ್ಲ. ಒಮ್ಮೆ ಬೂಟು ಕೊಂಡವರು ಎರಡನೇ ಸಲ ಬರುತ್ತಿರಲಿಲ್ಲ. ಚರ್ಮ ಒಳ್ಳೆಯದು, ಹೊಲಿಗೆ ಕಲ್ಲಿನಂತೆ ಗಟ್ಟಿ. ಎದುರಿಗೆ ಸಿಕ್ಕರೆ ನಕ್ಕು, "ಚೆನ್ನಾಗಿದೆಯಮ್ಮ, ಏನೋ ಸ್ವಲ್ಪ ಸಡಿಲ," ಎಂದು ಜಾರಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಅಳತೆ ತೆಗೆದು ಮಾಡಿದ್ದು ಸಡಿಲ ಹೇಗಾಗುತ್ತದೆ? ಅವಳಿಗೆ ತಲೆ ಬುಡ ತಿಳಿಯಲಿಲ್ಲ.

ಆ ದಿನಗಳಲ್ಲೇ ಒಂದು ಬುಧವಾರ ಆಸ್ಪತ್ರೆಯ ಹೆಡ್ ನರ್ಸು ಅಂಗಡಿಗೆ ಬಂದರು. ಗಟ್ಟಿ ದನಿಯ, ದಪ್ಪ ಕನ್ನಡಕದ ಹೆಂಗಸು. ಒಂದು ಬೂಟನ್ನು ಕೈಗೆತ್ತಿಕೊಂಡು ಬಗ್ಗಿಸಿದರು, ಮೂಸಿದರು, ಅಟ್ಟೆಯನ್ನು ಉಗುರಿನಿಂದ ಗೀರಿದರು.

"ನಮ್ಮ ಹುಡುಗೀರು ದಿನಕ್ಕೆ ಹತ್ತು ಗಂಟೆ ನಿಂತಿರ್ತಾರೆ. ಸಂಜೆಗೆ ಕಾಲು ಊದಿ ಕಂಬ ಆಗಿರುತ್ತೆ. ಆರು ಜೊತೆ ಮಾಡಿಕೊಡು, ಒಂದು ವಾರ ಹಾಕಿ ನೋಡ್ತೀವಿ. ಸರಿಹೋದ್ರೆ ಅರವತ್ತು ಜನಕ್ಕೂ ನಿನ್ನದೇ ಬೂಟು."

ಅರವತ್ತು ಜೊತೆ! ಮರುದಿನ ಅವನು ಹೊಸ್ತಿಲು ದಾಟುವ ಮೊದಲೇ ಅವಳು ಸುದ್ದಿ ಹೇಳಿ ಮುಗಿಸಿದ್ದಳು. ಅವನ ಮುಖ ಮೊದಲು ಅರಳಿತು, ಆಮೇಲೆ ಯಾರೋ ದೀಪ ಆರಿಸಿದ ಹಾಗೆ ಸಪ್ಪಗಾಯಿತು.

"ಇದೇ ಅಚ್ಚಿನಲ್ಲಾ?"

"ಮತ್ತಿನ್ಯಾವ ಅಚ್ಚು? ಎಲ್ಲಾ ನಿಮ್ಮ ಕಿರುಬೆರಳಿನ ಪುಣ್ಯ."

"ಎಲ್ಲಾ ಅಚ್ಚಿಗೂ ಅಂಟಿಸಿದೀರಾ?"

"ಹನ್ನೆರಡಕ್ಕೂ."

ಅವನದು ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವಂಥ ಮುಖ. ಬಂದ ಐದೇ ನಿಮಿಷಕ್ಕೆ, ಟಾರ್ಚನ್ನೂ ಬೆಂಚಿನ ಮೇಲೆ ಮರೆತು ಹೊರಟುಹೋದ. ತನ್ನ ಏಳಿಗೆ ಇವನಿಗೆ ಯಾಕೆ ಬೇಸರ ತಂದಿತು ಎಂದು ಅವಳು ಅವತ್ತೆಲ್ಲ ಆ ಟಾರ್ಚನ್ನು ಹೊತ್ತಿಸುತ್ತ ಆರಿಸುತ್ತ ಕೂತಳು.

ಮರುದಿನ ಶುಕ್ರವಾರ ಅವನು ಮತ್ತೆ ಬಂದ. ಶುಕ್ರವಾರ ಅವನು ಬಂದದ್ದು ಅದೇ ಮೊದಲು. ಕೂರಲಿಲ್ಲ.

"ಒಂದು ವಿಷಯ ಹೇಳ್ಬೇಕಿತ್ತು. ಕಿರುಬೆರಳು ಈಗ ಒತ್ತಲ್ಲ."

"ನಿನ್ನೆ ತಾನೆ..."

"ಒತ್ತಲ್ಲ ಮೇಡಂ. ಆ ಅಂಟಿಸಿದ್ದನ್ನೆಲ್ಲ ತೆಗೆದುಬಿಡಿ. ಆಸ್ಪತ್ರೆಯವರಿಗೆ ಅದು ಬೇಡ."

ಓಹೋ, ಹೀಗೋ. ಅಂಗಡಿಗೆ ದೊಡ್ಡ ಗಿರಾಕಿ ಸಿಕ್ಕ ಕೂಡಲೇ ಇವನು ಕೈ ತೊಳೆದುಕೊಳ್ಳುತ್ತಿದ್ದಾನೆ. ಪರೀಕ್ಷೆ ಮುಗಿಯಿತು, ಇನ್ನು ಬರುವ ಗೋಜಿಲ್ಲ ಎಂದು ನಯವಾಗಿ ಹೇಳುತ್ತಿದ್ದಾನೆ.

"ಹಾಗಾದ್ರೆ ಇನ್ನು ಗುರುವಾರ ಬರೋ ತೊಂದರೆ ತಗೋಬೇಡಿ," ಎಂದಳು, ಟಾರ್ಚನ್ನು ಅವನ ಕೈಗಿಡುತ್ತ.

"ಅದಲ್ಲ ನಾನು ಹೇಳಿದ್ದು..."

"ಪರವಾಗಿಲ್ಲ ಬಿಡಿ. ಇಷ್ಟು ದಿನ ನಡೆದ್ರಲ್ಲ, ಅದೇ ದೊಡ್ಡದು."

ಅವನು ಹೊಸ್ತಿಲು ದಾಟಿ ಹೋದ. ಅಚ್ಚಿನ ಪದರ ತೆಗೆಯುವ ಮಾತು ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಎಂಟು ತಿಂಗಳು ಒತ್ತಿದ ಬೆರಳು ಒಂದೇ ಹಗಲಲ್ಲಿ ಒತ್ತುವುದನ್ನು ಬಿಡುತ್ತದೆಯೇ? ಬಿಟ್ಟುಹೋಗಲು ಒಂದು ನೆಪ ಬೇಕಿತ್ತು ಅವನಿಗೆ. ಹಟಕ್ಕೆ ಬಿದ್ದವಳಂತೆ ಅದೇ ಅಚ್ಚುಗಳ ಮೇಲೆ ಆರು ಜೊತೆ ಹೊಲಿದು, ಆಸ್ಪತ್ರೆಗೆ ತಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದಳು.

ವಾರ ಮುಗಿಯಲಿಲ್ಲ, ಆರೂ ಜೊತೆ ವಾಪಸ್ ಬಂದವು. ಹೆಡ್ ನರ್ಸೇ ಬಂದಿದ್ದರು.

"ಹೊಲಿಗೆ ನೋಡಿ ನಾನೂ ಮೋಸ ಹೋದೆನಲ್ಲಮ್ಮ! ಎಡಗಾಲಿನ ಬೂಟಲ್ಲಿ ಕಿರುಬೆರಳ ಪಕ್ಕ ಇನ್ನೊಂದು ಬೆರಳು ಬಾಡಿಗೆಗೆ ಇರಬಹುದು, ಅಷ್ಟು ಜಾಗ. ನಮ್ಮ ಹುಡುಗಿ ಎಮರ್ಜೆನ್ಸಿ ಅಂತ ಓಡಿದ್ರೆ ಬೂಟು ಅಲ್ಲೇ ನಿಂತಿತ್ತು, ಹುಡುಗಿ ಮುಂದೆ ಹೋಗಿದ್ದಳು."

"ಆರು ಜನಕ್ಕೂ ಅಲ್ಲೇನಾ ಸಿಸ್ಟರ್?"

"ಆರು ಜನಕ್ಕೂ ಅಲ್ಲೇ." ಅವರು ಅವಳ ಮುಖ ನೋಡಿ ದನಿ ತಗ್ಗಿಸಿದರು. "ಚರ್ಮ ಚೆನ್ನಾಗಿದೆ. ಅದಕ್ಕೇ ಹೇಳ್ತೀನಿ, ಇನ್ನು ಹದಿನೈದು ದಿನ. ಆಮೇಲೆ ನಾನು ಬೇರೆ ಕಡೆ ನೋಡ್ಬೇಕಾಗುತ್ತೆ."

ಅವಳು ಮಾವನಿಗೆ ಫೋನ್ ಮಾಡಿದಳು. ಮರುದಿನ ಬೆಳಗಿನ ಬಸ್ಸಿಗೇ ಮಾವ ಬಂದಿಳಿದ. ನೀರೂ ಕುಡಿಯದೆ ಒಂದು ಅಚ್ಚನ್ನು ಕೈಗೆತ್ತಿಕೊಂಡ. ನಡುಗುವ ಹೆಬ್ಬೆರಳು ಮರದ ಮೇಲೆ ಜಾರುತ್ತ ಹೋಗಿ ಕಿರುಬೆರಳ ಉಬ್ಬಿನಲ್ಲಿ ತಟಕ್ಕನೆ ನಿಂತಿತು.

"ಇದು ಯಾರ ಕಾಲಮ್ಮ?"

"ತುಂಬ ನಡೆಯೋರದ್ದು ಮಾವ."

ಮಾವ ಉಗುರಿನಿಂದ ಒಂದು ಪದರ ಎಬ್ಬಿಸಿದ. ಅದರಡಿ ಇನ್ನೊಂದು. ಅದರಡಿ ಮತ್ತೊಂದು. ಮೇಜಿನ ಮೇಲೆ ಮೂವತ್ತಕ್ಕೂ ಹೆಚ್ಚು ಚರ್ಮದ ಚೂರುಗಳು ಸಾಲಾಗಿ ಬಿದ್ದವು.

"ಐವತ್ತು ವರ್ಷ ಬೂಟು ಹೊಲಿದಿದ್ದೀನಿ. ಇಂಥ ಕಾಲು ಈ ಲೋಕದಲ್ಲಿಲ್ಲ."

"ಇದೆ ಮಾವ. ಗುರುವಾರ ಗುರುವಾರ ಬರ್ತಿತ್ತು."

"ಇದೆ ಅಂತಲೇ ಇಟ್ಕೋ. ಒಬ್ಬನ ಬೆರಳು ನೋಯ್ತು ಅಂತ ಊರಿನ ಬೂಟೆಲ್ಲ ಹಿಗ್ಗಿಸೋದಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ." ಮಾವ ಕನ್ನಡಕದ ಮೇಲಿಂದ ನೋಡಿದ. "ಯಾರವನು?"

ಅವಳು ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಂದು ಅವನ ಸರದಿ ಹಿಂದಿನ ಬೀದಿಯಲ್ಲಿ ಎಂದು ಅವಳಿಗೆ ಗೊತ್ತಿತ್ತು. ವಾರದ ಯಾವ ದಿನ ಅವನು ಯಾವ ಬೀದಿಯಲ್ಲಿರುತ್ತಾನೆ ಎನ್ನುವುದು ತನಗೆ ಹೇಗೆ ಬಾಯಿಪಾಠವಾಗಿದೆ ಎಂದು ಯೋಚಿಸುವ ಪುರುಸೊತ್ತಿರಲಿಲ್ಲ.

ಅವನು ಮೂರನೇ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಎಡಗಾಲಿನ ಬೂಟು ಬಿಚ್ಚಿ ಅದರೊಳಗೆ ಬೆರಳು ಹಾಕಿ ಏನನ್ನೋ ಎಳೆಯುತ್ತಿದ್ದ. ಮುದ್ದೆಯಾದ ಕಾಗದ ಹೊರಬಂತು. ಮೀಟರಿನ ಹಳೆಯ ಚೀಟಿಗಳು, ಒಂದರ ಮೇಲೊಂದು ಮಡಚಿಟ್ಟದ್ದು. ಅದನ್ನು ಎಸೆದು ಹೊಸ ಚೀಟಿ ಮಡಚಿ, ಕಿರುಬೆರಳ ಜಾಗಕ್ಕೆ ತುರುಕಿದ.

ಅವಳ ನೆರಳು ಅವನ ಕಾಲ ಮೇಲೆ ಬಿತ್ತು. ಅವನು ತಲೆಯೆತ್ತಲಿಲ್ಲ. ಯಾರೆಂದು ಗೊತ್ತಾಗಿತ್ತು.

"ಒತ್ತುತ್ತಾ?" ಎಂದು ಕೇಳಿದಳು.

"ಇಲ್ಲ."

"ಯಾವಾಗಿಂದ ಒತ್ತಲ್ಲ?"

"ಎರಡನೇ ಗುರುವಾರದಿಂದ."

ಬೀದಿಯಲ್ಲಿ ಒಂದು ಸೈಕಲ್ ಬೆಲ್ ಹೊಡೆದುಕೊಂಡು ಹೋಯಿತು.

"ಮೊದಲನೇ ವಾರ ನಿಜವಾಗಿ ಒತ್ತಿತ್ತು," ಎಂದ ಅವನು. "ಎರಡನೇ ವಾರ ಸರಿಹೋಗಿತ್ತು. ಹೇಳೋಣ ಅಂತಲೇ ಬಂದೆ. ನೀವು ಬಗ್ಗಿ ಕೂತು ಅಷ್ಟು ಶ್ರದ್ಧೆಯಿಂದ ಕೇಳಿದ್ರಿ. ಇಲ್ಲ ಅಂದ್ರೆ, ಸರಿ ಹಾಗಾದ್ರೆ ಅಂತೀರ. ಆಮೇಲೆ ಮೀಟರ್ ತಿಂಗಳಿಗೆ ಒಂದೇ ಸಲ. ನಿಮ್ಮನ್ನ ನೋಡೋಕೆ ಒಂದು ತಿಂಗಳು ಕಾಯೋದು ನನ್ನ ಕೈಲಾಗ್ತಿರ್ಲಿಲ್ಲ. ನನ್ನ ಅಚ್ಚಿಗೆ ಮಾತ್ರ ಅಂಟಿಸ್ತೀರ ಅಂದ್ಕೊಂಡಿದ್ದೆ, ಆಣೆಗೂ. ಎಲ್ಲಾದಕ್ಕೂ ಅಂತ ಗೊತ್ತಾದ ಮರುದಿನಾನೇ ಹೇಳೋಕೆ ಬಂದೆ. ಅರ್ಧ ಹೇಳಿದೆ, ಇನ್ನರ್ಧಕ್ಕೆ ಧೈರ್ಯ ಸಾಲ್ಲಿಲ್ಲ."

"ಆರು ಜೊತೆನೂ ವಾಪಸ್ ಬಂದಿದೆ," ಎಂದಳು. "ನಿಮಗೆ ಗುರುವಾರ ಕಾಲ ಕಳೆಯೋಕೆ ಒಂದು ನೆಪ. ನಂಗೆ ಅದು ಅನ್ನ. ಇದೊಂದು ಹೋದ್ರೆ ನಾನು ಮತ್ತೆ ಫ್ಯಾಕ್ಟರಿಲಿ ಎಡಗಾಲಿನ ಹಿಮ್ಮಡಿ ಅಂಟಿಸ್ತಾ ಕೂರ್ಬೇಕು. ನಿಜ ಹೇಳ್ಬೇಕು ಅಂತ ಒಂದೇ ಒಂದು ಕೇಳಿದ್ದೆ ನಿಮ್ಮನ್ನ."

ತಿರುಗಿ ಬಿರಬಿರನೆ ನಡೆದಳು. ಕೋಪ ಉಕ್ಕುತ್ತಿತ್ತು. ಆದರೆ ಬೀದಿಯ ಮೂಲೆ ತಿರುಗುವಷ್ಟರಲ್ಲಿ ಕೋಪದ ಜೊತೆ ಇನ್ನೇನೋ ಬೆರೆತುಕೊಂಡಿತು. ನಿಮ್ಮನ್ನ ನೋಡೋಕೆ ಎಂದನಲ್ಲ? ಹಾಗಾದರೆ ಬೂಟಿಗಾಗಿ ಅಲ್ಲ. ಎಂಟು ತಿಂಗಳು ತನ್ನನ್ನು ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಸಿಗಬಾರದ ದಿನವೇ ಸಿಕ್ಕಿತ್ತು. ಅಳಬೇಕೋ ನಗಬೇಕೋ ತಿಳಿಯದೆ, ತಪ್ಪು ಬೀದಿಗೆ ತಿರುಗಿ, ಸುತ್ತು ಹೊಡೆದು ಅಂಗಡಿ ಸೇರಿದಳು.

ಮಾವ ಉಳಿದ ಹನ್ನೊಂದು ಅಚ್ಚುಗಳನ್ನು ಅವಳ ಮುಂದೆ ಸಾಲಾಗಿ ಇಟ್ಟಿದ್ದ. "ಕಿತ್ತು ಹಾಕು," ಎಂದ. "ಅಂಟಿಸಿದಷ್ಟೇ ನಿಧಾನಕ್ಕೆ ಕೀಳಬೇಕು. ಮರ ಗಾಯ ಆಗ್ಬಾರ್ದು." ಎರಡು ದಿನ ಕುಳಿತು ಕಿತ್ತಳು. ಕೀಳುವಾಗ ಒಂದೊಂದು ಪದರಕ್ಕೂ ಒಂದೊಂದು ಗುರುವಾರ ನೆನಪಾಗುತ್ತಿತ್ತು. ಮಳೆಯಲ್ಲಿ ನೆನೆದು ಬಂದದ್ದು, ಅವಳು ಕೈಗೆ ದಬ್ಬಳ ಚುಚ್ಚಿಕೊಂಡಾಗ ಅವನೇ ಬಟ್ಟೆ ಸುತ್ತಿದ್ದು. ಕೋಪ ಮಾಡಿಕೊಳ್ಳಲು ಕೂತವಳಿಗೆ ಕೋಪವೇ ಕೈಕೊಡುತ್ತಿತ್ತು.

"ಈಗ ಒಬ್ಬರ ಕಾಲಲ್ಲ, ಅರವತ್ತು ಜನದ ಕಾಲೂ ನೋಡು," ಎಂದು ಹೇಳಿ ಮಾವ ಊರಿಗೆ ಹೋದ.

ಆಸ್ಪತ್ರೆಯ ಹಿಂಬಾಗಿಲ ಪಕ್ಕದ ಕಾರಿಡಾರಿನಲ್ಲಿ, ಶಿಫ್ಟು ಬದಲಾಗುವ ಹೊತ್ತಿಗೆ, ಅವಳು ಮಣೆ ಹಾಕಿಕೊಂಡು ಕೂತಳು. ಒಬ್ಬೊಬ್ಬರದೂ ನಿಂತ ಕಾಲು, ಕೂತ ಕಾಲು, ಕೆಲಸಕ್ಕೆ ಬರುವಾಗಿನ ಕಾಲು, ಮುಗಿಸಿ ಹೋಗುವಾಗಿನ ಊದಿದ ಕಾಲು. ಅಳೆಯಬೇಕು, ಗೆರೆ ಎಳೆಯಬೇಕು, ಬರೆದುಕೊಳ್ಳಬೇಕು. ಮೊದಲ ದಿನ ಎಂಟು ಜನರಾಗುವಷ್ಟರಲ್ಲಿ ಅಂಕಿಗಳು ಕಲಸಿಹೋಗಿ, ಯಾರ ಕಾಲು ಯಾವುದೆಂದು ಅವಳಿಗೇ ತಿಳಿಯದಾಯಿತು.

ಎರಡನೇ ದಿನ ಬೆಳಿಗ್ಗೆ ಪಕ್ಕದಲ್ಲಿ ಯಾರೋ ಬಂದು ಕೂತರು. ಕಿವಿಯ ಮೇಲಿನ ಪೆನ್ನು ಕೈಗೆ ಬಂದಿತ್ತು. ಮಡಿಲಲ್ಲಿ ಗೆರೆ ಎಳೆದ ಪುಸ್ತಕ.

"ನೀವು ಇಲ್ಲಿದೀರಿ ಅಂತ ಅಜ್ಜಿ ಹೇಳಿದ್ರು. ರಜಾ ಹಾಕಿದೀನಿ," ಎಂದ. "ನೀವು ಅಂಕಿ ಹೇಳಿ, ನಾನು ಬರೀತೀನಿ. ನನಗೆ ಬರೋದು ಅದೊಂದೇ."

ಹೊರಗೆ ಹೋಗಿ ಎನ್ನಬೇಕೆಂದಿದ್ದಳು. ಆದರೆ ಎದುರಿಗೆ ಇಪ್ಪತ್ತು ಜೊತೆ ಕಾಲುಗಳು ಕಾಯುತ್ತಿದ್ದವು.

"ಒಂದು ಅಂಕಿ ತಪ್ಪು ಬರೆದ್ರೆ ಕಾಲು ಮುರೀತೀನಿ."

"ಎಡಗಾಲೇ ಮುರೀರಿ."

ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡಳು. ಆರು ದಿನ ಅವಳು ಹೇಳಿದಳು, ಅವನು ಬರೆದ. ಒಂದೂ ತಪ್ಪಲಿಲ್ಲ. ಅಳತೆ ಬಿಟ್ಟು ಬೇರೆ ಮಾತೂ ಆಡಲಿಲ್ಲ. ಇನ್ನೂರ ನಲವತ್ತೈದು, ತೊಂಬತ್ತೆರಡು, ಇನ್ನೂರ ಮೂವತ್ತೆಂಟು... ಹೀಗೆ ಬರೀ ಅಂಕಿಗಳನ್ನು ಹೇಳುತ್ತ ಹೇಳುತ್ತ ಒಂದು ಮಧ್ಯಾಹ್ನ ಅವಳಿಗೆ ಸ್ಪಷ್ಟವಾಯಿತು, ಈ ಮನುಷ್ಯನನ್ನು ತಾನು ಪ್ರೀತಿಸುತ್ತೇನೆ ಎಂದು. ಅದರಲ್ಲಿ ಗೊಂದಲವಿರಲಿಲ್ಲ. ಗೊಂದಲವಿದ್ದದ್ದು ಇನ್ನೊಂದು ಕಡೆ. ಎಂಟು ತಿಂಗಳು ನಗುನಗುತ್ತ ಸುಳ್ಳು ಹೇಳಿದವನ ಬಾಯಿಂದ ನಾಳೆ ಬರುವ ಮಾತು ನಿಜವೆಂದು ಅಳೆಯಲು ಯಾವ ಟೇಪು ಇದೆ?

ಹದಿನೈದನೇ ದಿನ ಆರು ಜೊತೆ ಹೊಸ ಬೂಟು ಹೋದವು. ವಾರ ಕಳೆದು ಹೆಡ್ ನರ್ಸು ಬಂದರು. ಕುರ್ಚಿಯಲ್ಲಿ ಕೂತು ಕಾಲು ಮುಂದೆ ಚಾಚಿದರು. ಕಾಲಲ್ಲಿ ಅವಳದೇ ಬೂಟು.

"ನಿನ್ನೆ ಮನೆಗೆ ಹೋಗಿ ಇದನ್ನ ಹಾಕ್ಕೊಂಡೇ ಮಲಗಿಬಿಟ್ಟಿದ್ದೆ. ಕಾಲಲ್ಲಿ ಬೂಟಿದೆ ಅನ್ನೋದೇ ಮರೆತುಹೋಗಿತ್ತು," ಎಂದರು. "ಅರವತ್ತು ಒಟ್ಟಿಗೇ ಬೇಡ. ತಿಂಗಳಿಗೆ ಇಪ್ಪತ್ತು ಕೊಡು. ಆತುರ ಮಾಡಿ ಕೆಡಿಸ್ಬೇಡ."

ಅವಳು ಮಾವನಿಗೆ ಫೋನ್ ಮಾಡಿದಳು. ಅಮ್ಮನಿಗೆ ಫೋನ್ ಮಾಡಿ, ಫ್ಯಾಕ್ಟರಿಯ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಲಿ ಎಂದಳು. ಆಮೇಲೆ ಅಂಗಡಿ ಬಾಗಿಲು ಅರ್ಧ ಮುಚ್ಚಿ, ಮನಸ್ಸು ಹಗುರಾಗುವವರೆಗೂ ಅತ್ತಳು. ಅತ್ತು ಮುಗಿದ ಮೇಲೆ ಅವನ ಅಳತೆಯ ಅಚ್ಚನ್ನು ತೆಗೆದುಕೊಂಡು, ಹೊಸ ಚರ್ಮದಲ್ಲಿ ಒಂದು ಜೊತೆ ಹೊಲಿದಳು. ಅದನ್ನು ಎದುರು ಮನೆಯ ಅಜ್ಜಿಯ ಕೈಲಿ ಕೊಟ್ಟು ಅವನಿಗೆ ತಲುಪಿಸಿದಳು. 'ಒಂದು ವಾರ ನಡೆದು, ಗುರುವಾರ ಬಂದು ಹೇಳಿ' ಎಂದಷ್ಟೇ ಚೀಟಿಯಲ್ಲಿತ್ತು.

ಗುರುವಾರ ಮಧ್ಯಾಹ್ನ ಹೊಸ್ತಿಲ ಮೇಲೆ ನೆರಳು ಬಿತ್ತು. ಅವನು ಬೆಂಚಿನ ಮೇಲೆ ಕೂತ. ಅವಳು ಮಣೆ ಎಳೆದುಕೊಂಡಳು.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಕಿರುಬೆರಳ ಹತ್ರ?"

ಈ ಸಲ ಅವನು ಮೀಟರ್ ಕಡೆ ನೋಡಲಿಲ್ಲ. ಅವಳನ್ನೇ ನೋಡಿದ. "ಇಲ್ಲ. ಅಲ್ಲಿ ಒತ್ತಲ್ಲ. ಬಲಗಾಲಿನ ಹಿಮ್ಮಡಿ ಕಚ್ಚುತ್ತೆ."

ಅವಳ ಹೆಬ್ಬೆರಳು ಅಲ್ಲೇ ನಿಂತಿತು. "ಮತ್ತೆ ಶುರುವಾಯ್ತಾ?"

ಅವನು ಎರಡೂ ಬೂಟು, ಕಾಲುಚೀಲ ಬಿಚ್ಚಿ ಬಲಗಾಲು ಮುಂದೆ ಚಾಚಿದ. ಹಿಮ್ಮಡಿಯ ಮೇಲೆ ಕೆಂಪಗೆ ಸುಲಿದ ಗಾಯ. ಅದರ ಸುತ್ತ ಹಳೆಯ ಗಾಯಗಳ ಕಪ್ಪು ಕಲೆಗಳು, ಒಂದರ ಮೇಲೊಂದು ಒಣಗಿ ದಪ್ಪಗಟ್ಟಿದ್ದವು.

ಅವಳಿಗೆ ಬೂಟುಗಾರ್ತಿಯ ಕಣ್ಣಿತ್ತು. ಒಂದು ವಾರದ ಗಾಯವಲ್ಲ ಅದು.

"ಎಷ್ಟು ದಿನದಿಂದ?"

"ಮೊದಲನೇ ಜೊತೆಯಿಂದ."

"ಎಂಟು ತಿಂಗಳಿಂದಾನಾ! ಇಲ್ಲದ ನೋವು ವಾರವಾರ ಹೇಳಿದ್ರಿ, ಇದನ್ನ ಯಾಕೆ ಹೇಳ್ಲಿಲ್ಲ?"

"ಇದು ನಿಜವಾದ ನೋವು," ಎಂದ ಅವನು. "ಹೇಳಿದ್ರೆ ನೀವು ಸರಿ ಮಾಡಿಬಿಡ್ತಿದ್ರಿ. ಇದು ಇರೋವರೆಗೂ ಇಲ್ಲಿಗೆ ಬರೋಕೆ ನಂಗೊಂದು ನಿಜವಾದ ಕಾರಣ ಇದ್ಯಲ್ಲ ಅನ್ನೋ ಸಮಾಧಾನ ಇತ್ತು. ಈಗ ಹೇಳಿಬಿಟ್ಟೆ. ಇನ್ನು ನನ್ನ ಹತ್ರ ಮುಚ್ಚಿಡೋಕೆ ಏನೂ ಉಳಿದಿಲ್ಲ."

ಅವಳು ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಕೂತಳು. ಕಣ್ಣು ಮಂಜಾಗಿತ್ತು. ಗಾಯದ ಪಕ್ಕದಲ್ಲಿ ಹೆಬ್ಬೆರಳಿಟ್ಟಾಗ ಅವನು ನಿಜವಾಗಿಯೂ ಹಲ್ಲು ಕಚ್ಚಿ ಉಸಿರೆಳೆದುಕೊಂಡ. ಅಷ್ಟು ಸಾಕಾಗಿತ್ತು ಅವಳಿಗೆ.

"ಸುತ್ತಿಗೆಯಿಂದ ಎರಡೇಟು ಹಾಕಿ ಬೂಟಿನ ಹಿಮ್ಮಡಿ ಮೆದು ಮಾಡಿದ್ರೆ ಮುಗೀತು," ಎಂದಳು, ಮೂಗೆಳೆದುಕೊಳ್ಳುತ್ತ. "ನಾಳೆ ಹೊತ್ತಿಗೆ ಎಲ್ಲೂ ಒತ್ತಲ್ಲ, ಎಲ್ಲೂ ಕಚ್ಚಲ್ಲ. ಆಮೇಲೆ ನಿಮಗೆ ಇಲ್ಲಿ ಕೆಲಸಾನೇ ಇರಲ್ಲ."

"ಗೊತ್ತು."

"ಕೆಲಸ ಇಲ್ದೇ ಬರೋಕಾಗುತ್ತಾ ನಿಮ್ಮ ಕೈಲಿ?"

ಅವನು ಮೀಟರಿನ ಕೊನೆಯ ಅಂಕಿ ಓದುವವನಂತೆ ಅವಳ ಮುಖವನ್ನು ಹತ್ತಿರದಿಂದ, ನಿಧಾನವಾಗಿ ನೋಡಿದ. ಎಡಗಡೆಯ ಹುಬ್ಬು ಮೆಲ್ಲನೆ ಮೇಲೇರಿತು.

"ಆಗುತ್ತೆ. ದಿನಾ ಆಗುತ್ತೆ. ಮೀಟರ್ ಆಣೆ."

"ಮೀಟರ್ ಮೇಲೆ ಬೇಡ. ಅದನ್ನ ನೋಡ್ತಾನೇ ಎಂಟು ತಿಂಗಳು ಸುಳ್ಳು ಹೇಳಿದ್ರಿ."

"ಹಾಗಾದ್ರೆ ಹಿಮ್ಮಡಿ ಆಣೆ."

ಅವಳು ಈ ಸಲ ನಗುವನ್ನು ಕೆಮ್ಮಿ ಮುಚ್ಚಲಿಲ್ಲ. "ನಾಳೆ ಶುಕ್ರವಾರ," ಎಂದಳು. "ನಾಳೆ ಬನ್ನಿ."

ಅವನು ಎದ್ದ. ಪೆನ್ನು ಕಿವಿಗೆ ಸಿಕ್ಕಿಸಿಕೊಂಡ, ಟಾರ್ಚು ಮರೆಯದೆ ತೆಗೆದುಕೊಂಡ, ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದ. ಬೀದಿಯಲ್ಲಿ ನಾಲ್ಕು ಹೆಜ್ಜೆ ಹೋಗಿದ್ದ. ಅವಳು ಬಾಗಿಲಿಗೆ ಓಡಿ ಬಂದು ಕೂಗಿದಳು.

"ಸಾಹೇಬ್ರೇ! ಬೂಟು! ಎರಡೂ ಇಲ್ಲೇ ಬಿಟ್ಟಿದ್ದೀರ!"

ಅವನು ತಿರುಗಿ ತನ್ನ ಬರಿಗಾಲು ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ.

"ನಾಳೆ ತಗೊಳ್ತೀನಿ," ಎಂದು ಹೇಳಿ, ಕುಂಟುತ್ತ, ನಗುತ್ತ ನಡೆದ. ಅಂದು ಅವನಿಗೆ ಇನ್ನೂ ಹದಿನೇಳು ಮನೆಯ ಮೀಟರ್ ನೋಡುವುದು ಬಾಕಿ ಇತ್ತು.